ಆಲ್ ವ್ಹೀಲ್ ಡ್ರೈವ್ ಕಾರಿಗೆ ಬದಲಿ ಟಯರ್: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಹಾಸನದಲ್ಲಿ ಹಲವು ವರ್ಷಗಳಿಂದ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ (ತಿರುವಿನಲ್ಲಿ ಎಡ, ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಕೆಲಸ ಮಾಡುತ್ತಿರುವ ನಮ್ಮ ಗುಂಪಿನ ಮೆಕ್ಯಾನಿಕ್ ಅವರು ಇಂದು ಸಂಜೆ ಆಲ್ ವ್ಹೀಲ್ ಡ್ರೈವ್ (ತಾನಾಗಿಯೇ ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ಹಂಚುವ) ಕಾರುಗಳ ಟಯರಿನ ಬಗ್ಗೆ ಉತ್ತರಿಸಲಿದ್ದಾರೆ. ಕಾರಿನ ಹೆಸರು, ಟಯರಿನ ಅಳತೆ, ಓಡಿರುವ ಕಿಲೋಮೀಟರ್ ಮೂರನ್ನೂ ತಿಳಿಸಬೇಕಾಗಿ ವಿನಂತಿ.

ಮೈಸೂರಿನ ಸದಸ್ಯ: ನಮಸ್ಕಾರ ಸರ್. ನನ್ನದು ಗ್ರ್ಯಾಂಡ್ ವಿಟಾರಾ ಆಲ್‌ಗ್ರಿಪ್ (ಆಲ್ ವ್ಹೀಲ್ ಡ್ರೈವ್ ಮಾದರಿ), ಕಂಪನಿಯ ಟಯರ್ 215/60 ಆರ್17. ಗಾಡಿ ಇನ್ನಷ್ಟು ತುಂಬಿಕೊಂಡಂತೆ ಕಾಣಲೆಂದು 235/60 ಆರ್17 ಹಾಕಿಸಬಹುದೇ?

ಮೆಕ್ಯಾನಿಕ್: ನಮಸ್ಕಾರ. 215 ಎಂದರೆ ಮಿಲಿಮೀಟರ್ ಲೆಕ್ಕದಲ್ಲಿ ಅಗಲ, 60 ಎಂದರೆ ಆ ಅಗಲದ ಶೇ. 60ರಷ್ಟು ಪಕ್ಕೆಯ ಎತ್ತರ, 17 ಎಂದರೆ ರಿಮ್ಮಿನ ವ್ಯಾಸ ಇಂಚಿನಲ್ಲಿ. ಆದ್ದರಿಂದ ಅಗಲ ಹೆಚ್ಚಿಸಿ 60 ಅನ್ನು ಹಾಗೆಯೇ ಉಳಿಸಿದರೆ ಎತ್ತರವೂ ಹೆಚ್ಚುತ್ತದೆ. ನಿಮ್ಮ ಟಯರಿನ ವ್ಯಾಸ ಸುಮಾರು 690 ಮಿ.ಮೀ., ನೀವು ಕೇಳಿದ್ದು 714. ನಾಲ್ಕಕ್ಕೂ ಹಾಕಿಸಿದರೂ ಸ್ಪೀಡೋಮೀಟರ್ 100 ತೋರಿಸುವಾಗ ಗಾಡಿ ಮೊದಲಿಗಿಂತ ಶೇ. 3.5ರಷ್ಟು ವೇಗವಾಗಿ ಹೋಗುತ್ತಿರುತ್ತದೆ. ಬೇಡ.

ಸಕಲೇಶಪುರದ ಸದಸ್ಯ: ಸರ್, ನನ್ನದು ಡಸ್ಟರ್ ಆಲ್ ವ್ಹೀಲ್ ಡ್ರೈವ್, ಟಯರ್ 215/65 ಆರ್16, ಓಡಿರುವುದು 42,000 ಕಿ.ಮೀ. ಹತ್ತು ದಿನಗಳ ಹಿಂದೆ ತೋಟದ ದಾರಿಯಲ್ಲಿ ಕಲ್ಲು ತಾಗಿ ಹಿಂದಿನ ಎಡ ಟಯರಿನ ಪಕ್ಕೆ ಸೀಳಿತು. ಅಂಗಡಿಯಲ್ಲಿ ಆ ಅಳತೆ ಇಲ್ಲವೆಂದು 215/70 ಆರ್16 ಹಾಕಿ, ಸ್ವಲ್ಪ ಎತ್ತರ ಅಷ್ಟೇ, ತೊಂದರೆಯಿಲ್ಲ ಎಂದರು. ಈಗ ಗೇಟಿನೊಳಗೆ ತಿರುಗಿಸುವಾಗ ಗಾಡಿ ಅದುರುತ್ತದೆ, ಹಿಂದಿನಿಂದ ಗುಂಯ್ ಎಂಬ ಸದ್ದು ಬರುತ್ತದೆ. ನಿನ್ನೆ ಘಾಟಿ ಹತ್ತಿ ಬಂದ ಮೇಲೆ ಕೆಳಗಿನಿಂದ ಎಣ್ಣೆ ಸುಟ್ಟ ವಾಸನೆ ಬಂತು.

ಮೆಕ್ಯಾನಿಕ್: ಉಳಿದ ಮೂರು ಟಯರುಗಳ ಗ್ರಿಪ್ (ಮೇಲ್ಮೈಯ ಗೀರುಗಳು) ಎಷ್ಟು ಆಳ ಉಳಿದಿದೆ?

ಸಕಲೇಶಪುರದ ಸದಸ್ಯ: ಅಳೆದೆ ಸರ್, ಸುಮಾರು 3 ಮಿ.ಮೀ.

ಮೆಕ್ಯಾನಿಕ್: ದಯವಿಟ್ಟು ಆ ಗಾಡಿಯನ್ನು ಇನ್ನು ಓಡಿಸಬೇಡಿ. ಕಾರಣವನ್ನು ಪೂರ್ತಿಯಾಗಿ ಬರೆಯುತ್ತೇನೆ, ಏಕೆಂದರೆ ಈ ತಪ್ಪಿಗೆ ತೆರುವ ಬೆಲೆ ಟಯರಿನ ಬೆಲೆಗಿಂತ ಹಲವು ಪಟ್ಟು ಹೆಚ್ಚು.

ಹೊಸ 215/65 ಆರ್16 ಟಯರಿನ ವ್ಯಾಸ ಸುಮಾರು 686 ಮಿ.ಮೀ. ಹೊಸದರಲ್ಲಿ 8 ಮಿ.ಮೀ. ಇದ್ದ ಗ್ರಿಪ್ ಸವೆದು 3ಕ್ಕೆ ಇಳಿದಿದ್ದರೆ, ಎರಡೂ ಕಡೆ ಐದೈದು ಕಳೆದು ನಿಮ್ಮ ಹಳೆಯ ಟಯರುಗಳ ವ್ಯಾಸ 676 ಆಗಿದೆ. ಹೊಸ 215/70 ಟಯರಿನದು 707. ಹಳೆಯ ಟಯರು ಒಂದು ಕಿಲೋಮೀಟರಿಗೆ 471 ಸುತ್ತು ತಿರುಗಿದರೆ, ಹೊಸದು 450 ಸುತ್ತು ಮಾತ್ರ ತಿರುಗುತ್ತದೆ. ಈ 21 ಸುತ್ತುಗಳ ವ್ಯತ್ಯಾಸವನ್ನು ಹಿಂದಿನ ಡಿಫರೆನ್ಷಿಯಲ್‌ನ ಚಿಕ್ಕ ಗೇರುಗಳು ನೇರ ರಸ್ತೆಯಲ್ಲೂ ಬಿಡುವಿಲ್ಲದೆ ತಿರುಗಿ ತಾಳಿಕೊಳ್ಳಬೇಕು. ಅವು ಇರುವುದು ತಿರುವುಗಳಿಗಾಗಿ. ದಿನವಿಡೀ ತಿರುಗಲು ಅಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಹಿಂದಿನ ಎರಡು ಚಕ್ರಗಳ ಸರಾಸರಿ ವೇಗ ಮುಂದಿನವುಗಳಿಗಿಂತ ಕಡಿಮೆಯಾದಾಗ, ಮುಂದಿನ ಚಕ್ರಗಳು ಕೆಸರಿನಲ್ಲಿ ಜಾರುತ್ತಿವೆ ಎಂದು ಕಂಪ್ಯೂಟರ್ ತಿಳಿಯುತ್ತದೆ. ಆಗ ಹಿಂದಕ್ಕೂ ಶಕ್ತಿ ಕಳುಹಿಸಲು ನಡುವಿನ ವಿದ್ಯುತ್ಕಾಂತೀಯ ಕ್ಲಚ್ಚನ್ನು ಬಿಗಿಗೊಳಿಸುತ್ತದೆ. ಒಣ ಡಾಂಬರಿನ ಮೇಲೆ ಹೀಗೆ ಬಿಗಿಯಾದ ಕ್ಲಚ್ಚು ಉಜ್ಜಿ ಕಾಯದೆ ಬೇರೆ ದಾರಿಯಿಲ್ಲ. ತಿರುವಿನ ಅದುರು, ಎಣ್ಣೆಯ ವಾಸನೆ ಎರಡೂ ಅದರ ಕಡೆಗೇ ಬೆರಳು ತೋರಿಸುತ್ತಿವೆ.

ಡಯಲನ್ನು ಟೂ ವ್ಹೀಲ್ ಡ್ರೈವ್‌ಗೆ ತಿರುಗಿಸಿದರೆ ಕ್ಲಚ್ಚಿನ ಮೇಲಿನ ಹೊರೆ ಇಳಿಯುತ್ತದೆ, ಡಿಫರೆನ್ಷಿಯಲ್ ಮೇಲಿನದು ಇಳಿಯುವುದಿಲ್ಲ. ಗಾಡಿ ಸಾಗಿಸುವುದಾದರೆ ನಾಲ್ಕೂ ಚಕ್ರಗಳು ಮೇಲಿರುವ ಫ್ಲಾಟ್‌ಬೆಡ್ ಕರೆಸಿ. ಎರಡು ಚಕ್ರ ಎತ್ತಿ ಎಳೆಯುವ ಗಾಡಿ ಬೇಡ. ಈಗ ನಾಲ್ಕೂ ಟಯರುಗಳ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ನಡುಮಧ್ಯದಲ್ಲಿ ಅಳೆದು ಇಲ್ಲಿ ಹಾಕಿ.

ಶಿವಮೊಗ್ಗದ ಸದಸ್ಯ: ನನಗೆ ಬಂದ ಒಂದು ಸಂದೇಶವನ್ನು ಎಲ್ಲರ ಉಪಯೋಗಕ್ಕೆ ಹಂಚಿಕೊಳ್ಳುತ್ತಿದ್ದೇನೆ: ಹೊಸ ಟಯರಿನ ಗಾಳಿಯನ್ನು 6 ಪಿಎಸ್‌ಐ ಇಳಿಸಿದರೆ ಹಳೆಯದರ ಎತ್ತರಕ್ಕೆ ಸರಿಹೊಂದುತ್ತದೆ. ಅದೂ ಆಗದಿದ್ದರೆ ಆಲ್ ವ್ಹೀಲ್ ಡ್ರೈವ್‌ನ ಫ್ಯೂಸ್ ತೆಗೆದರೆ ಸಾಕು.

ಮೆಕ್ಯಾನಿಕ್: ಇದನ್ನು ಯಾರೂ ಮಾಡಬೇಡಿ. ರೇಡಿಯಲ್ ಟಯರಿನೊಳಗೆ ಉಕ್ಕಿನ ತಂತಿಯ ಪಟ್ಟಿ ಇರುತ್ತದೆ. ಗಾಳಿ ಇಳಿಸಿದರೆ ಟಯರು ಕೆಳಗೆ ಚಪ್ಪಟೆಯಾಗಿ ಕಾಣುತ್ತದೆಯೇ ಹೊರತು ಆ ಪಟ್ಟಿಯ ಸುತ್ತಳತೆ ಕಡಿಮೆಯಾಗುವುದಿಲ್ಲ. ಪಕ್ಕೆ ಮಾತ್ರ ಬಿಸಿಯೇರಿ, ತುಂಬಿದ ಗಾಡಿಯಲ್ಲಿ ಹೆದ್ದಾರಿಯಲ್ಲಿ ಸಿಡಿಯಬಹುದು. ಫ್ಯೂಸ್ ತೆಗೆದರೂ ಡಿಫರೆನ್ಷಿಯಲ್ ಗೇರುಗಳು ತಿರುಗುವುದನ್ನು ನಿಲ್ಲಿಸುವುದಿಲ್ಲ.

ಶಿವಮೊಗ್ಗದ ಸದಸ್ಯ: ನಾನು ಕೇವಲ ಹಂಚಿಕೊಂಡೆ ಸರ್, ಬರೆದವನು ನಾನಲ್ಲ.

ಮೆಕ್ಯಾನಿಕ್: ಓದಿದವರು ಗಾಳಿ ಇಳಿಸುವಾಗ ಬರೆದವರು ಯಾರೆಂದು ಕೇಳುವುದಿಲ್ಲ. ದಯವಿಟ್ಟು ಅಳಿಸಿ.

ಮಡಿಕೇರಿಯ ಸದಸ್ಯ: ನನ್ನ ಥಾರ್‌ನಲ್ಲಿ ಮುಂದೆ ಹೊಸದು, ಹಿಂದೆ ಹಳೆಯದು ಹಾಕಿ ಎರಡು ಮಳೆಗಾಲ ಕಳೆದಿದ್ದೇನೆ. ಏನೂ ಆಗಿಲ್ಲ. ಸುಮ್ಮನೆ ಜನರನ್ನು ಹೆದರಿಸಬಾರದು.

ಬೆಂಗಳೂರಿನ ಸದಸ್ಯ: ಥಾರ್ ಆಲ್ ವ್ಹೀಲ್ ಡ್ರೈವ್ ಅಲ್ಲ ಸ್ವಾಮಿ. ವ್ಯತ್ಯಾಸ ತಿಳಿಯದೆ ಸಲಹೆ ಕೊಡಬೇಡಿ.

ಮಡಿಕೇರಿಯ ಸದಸ್ಯ: ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೆ ಎಲ್ಲವೂ ಒಂದೇ. ನಿಮ್ಮ ಎಕ್ಸ್‌ಯುವಿ700 ಭಾಗಮಂಡಲದ ಕೆಸರಿಗೆ ಬಂದು ತೋರಿಸಲಿ, ಆಮೇಲೆ ಮಾತಾಡೋಣ.

ಬೆಂಗಳೂರಿನ ಸದಸ್ಯ: ಇಲ್ಲಿ ಮಾತು ಟಯರಿನ ಬಗ್ಗೆ, ನಿಮ್ಮ ಪರಾಕ್ರಮದ ಬಗ್ಗೆ ಅಲ್ಲ.

ಮೆಕ್ಯಾನಿಕ್: ಇಬ್ಬರೂ ಸಾಕು ಮಾಡಿ. ಥಾರ್‌ನಲ್ಲಿ ಚಾಲಕ ಕೈಯಿಂದ ಬದಲಿಸುವ ಲಿವರ್ ಟೂ ಹೈನಲ್ಲಿರುವಾಗ (ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ) ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ಸಂಬಂಧವೇ ಇರುವುದಿಲ್ಲ, ಅದಕ್ಕೇ ಏನೂ ಆಗಿಲ್ಲ. ಅದೇ ಟಯರುಗಳಲ್ಲಿ ಒಣ ರಸ್ತೆಯ ಮೇಲೆ ಎರಡೂ ಆಕ್ಸಲ್‌ಗಳನ್ನು ಬೆಸೆಯುವ ಫೋರ್ ಹೈ ಹಾಕಿದರೆ ಗೊತ್ತಾಗುತ್ತದೆ. ಸವೆದ ಟಯರು ಹಿಂದೆ ಇದ್ದರೆ ಮಳೆಯಲ್ಲಿ ಗಾಡಿಯ ಹಿಂಭಾಗ ಜಾರುತ್ತದೆ ಎಂಬುದನ್ನೂ ನೆನಪಿಡಿ.

ಸಿಯಾಟಲ್‌ನ ಸದಸ್ಯೆ: ಸರ್, ಇಲ್ಲಿ ನಮ್ಮದು ಸುಬಾರು. ಒಂದೇ ಟಯರ್ ಬದಲಿಸುವುದಾದರೆ ಸುತ್ತಳತೆಯ ವ್ಯತ್ಯಾಸ ಕಾಲು ಇಂಚಿನೊಳಗಿರಬೇಕು ಎಂದಿದ್ದಾರೆ. ಅಷ್ಟು ಬಿಗಿ ಲೆಕ್ಕ ಬೇಕೇ?

ಮೆಕ್ಯಾನಿಕ್: ಬೇಕು. ಕಾಲು ಇಂಚು ಎಂದರೆ 6 ಮಿ.ಮೀ. ಚಿಲ್ಲರೆ ಸುತ್ತಳತೆ, ಗ್ರಿಪ್‌ನ ಲೆಕ್ಕದಲ್ಲಿ 1 ಮಿ.ಮೀ. ಸವೆತ. ನಮ್ಮ ಊರಿನ ಗಾಡಿಗಳಿಗೂ ಇದೇ ಮಿತಿಯನ್ನು ಇಟ್ಟುಕೊಂಡರೆ ಕೆಡುವುದಿಲ್ಲ. ಸ್ಟೆಪ್ನಿಯೂ ಅದೇ ಅಳತೆಯ ರಿಮ್ಮಿನದಾಗಿದ್ದರೆ, 8,000 ಕಿ.ಮೀ.ಗೊಮ್ಮೆ ಐದನ್ನೂ ಸೇರಿಸಿ ಜಾಗ ಬದಲಿಸಿ. ಆಗ ಒಂದು ಸೀಳಿದರೂ ಸರಿಹೊಂದುವ ಟಯರು ಗಾಡಿಯಲ್ಲೇ ಇರುತ್ತದೆ.

ತುಮಕೂರಿನ ಸದಸ್ಯ: ಸರ್, 235 ಹಾಕಿಸಬಹುದೇ?

ಮೆಕ್ಯಾನಿಕ್: ಯಾವ ಕಾರು, ಈಗಿರುವ ಅಳತೆ ಏನು ಎಂದು ಬರೆಯದವರಿಗೆ ಉತ್ತರವಿಲ್ಲ. ಚಾಲಕನ ಬಾಗಿಲ ಬಳಿಯ ಸ್ಟಿಕ್ಕರ್ ನೋಡಿ.

ಉಡುಪಿಯ ಸದಸ್ಯ: ನೈಟ್ರೋಜನ್ ಗಾಳಿಯಿಂದ ಮೈಲೇಜ್ ಹೆಚ್ಚುತ್ತದೆಯೇ?

ಹುಬ್ಬಳ್ಳಿಯ ಸದಸ್ಯ: ಡಸ್ಟರ್‌ಗೆ 17 ಇಂಚಿನ ರಿಮ್ ಹಾಕಿ, ನಾಲ್ಕೂ 215/60 ಆರ್17 ಹಾಕಿಸಿದರೆ?

ಮೆಕ್ಯಾನಿಕ್: ವ್ಯಾಸ 4 ಮಿ.ಮೀ. ಮಾತ್ರ ಹೆಚ್ಚು, ಆ ಲೆಕ್ಕ ಸರಿ. ಆದರೆ ಮೂಲ ಟಯರಿನ ಮೇಲೆ 98 ಎಚ್ (98 ಭಾರದ ಅಂಕಿ, ಎಚ್ ವೇಗಮಿತಿಯ ಗುರುತು) ಎಂದಿದ್ದರೆ ಒಂದೊಂದು ಟಯರು 750 ಕಿಲೋ ಹೊರುತ್ತದೆ ಎಂದರ್ಥ. 96 ಎಂದಿರುವುದು ಹೊರುವುದು 710. ಅಂಕಿ ಕಡಿಮೆಯಾಗಬಾರದು.

ತುಮಕೂರಿನ ಸದಸ್ಯ: ಪ್ರಶ್ನೆ ಕೇಳಿದರೆ ಗದರುವುದು ಯಾವ ನ್ಯಾಯ?

ಬೆಂಗಳೂರಿನ ಸದಸ್ಯ: ಮೊದಲು ಮೇಲಿನ ಉತ್ತರ ಓದಿ.

ಸಕಲೇಶಪುರದ ಸದಸ್ಯ: ಅಳತೆ ಇಲ್ಲಿದೆ ಸರ್. ಮುಂದಿನವು 2126 ಮತ್ತು 2124, ಹಿಂದಿನ ಬಲ 2129, ಹಿಂದಿನ ಎಡ 2221 ಮಿ.ಮೀ. ನಾಲ್ಕು ಹೊಸದನ್ನು ಈಗಲೇ ತರಿಸಲೇ?

ಮೆಕ್ಯಾನಿಕ್: ಸುತ್ತಳತೆಯ ವ್ಯತ್ಯಾಸ 6 ಮಿ.ಮೀ. ಇರಬೇಕಾದಲ್ಲಿ 97 ಇದೆ. ನಾಲ್ಕೂ ಒಂದೇ ಬ್ರ್ಯಾಂಡ್, ಒಂದೇ ಮಾದರಿ, 215/65 ಆರ್16, 98 ಎಚ್. ಆದರೆ ಹಣ ಕೊಡುವ ಮೊದಲು ಹಿಂದಿನ ಡಿಫರೆನ್ಷಿಯಲ್ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸೋಸಿಸಿ. ಲೋಹದ ಪುಡಿ ಹೊಳೆದರೆ ಟಯರಿಗಿಂತ ಮೊದಲು ಡಿಫರೆನ್ಷಿಯಲ್ ಬಿಚ್ಚಬೇಕು. ಬಟ್ಟೆಯ ಫೋಟೋವನ್ನು ನಾಳೆ ಬೆಳಿಗ್ಗೆ ಹಗಲು ಬೆಳಕಿನಲ್ಲಿ ತೆಗೆದು ಕಳುಹಿಸಿ.