ಲೈಬ್ರರಿ ಕಾರ್ಡ್ ಇದ್ರೆ ಆನ್‌ಲೈನಲ್ಲಿ ಜರ್ನಲ್, ಹಳೇ ಪುಸ್ತಕ ಫ್ರೀಯಾಗಿ ಓದ್ಬೋದಾ?

ನಾಪೋಕ್ಲು_ಓದುಗಿ
ಎಲ್ರಿಗೂ ನಮಸ್ಕಾರ. ಎಂಎ ಸಮಾಜಶಾಸ್ತ್ರ ಕೊನೇ ವರ್ಷ, ಪ್ರಾಜೆಕ್ಟಿಗೆ ನಮ್ಮ ಕೊಡಗಿನ ದೇವರಕಾಡು, ಅಂದ್ರೆ ದೇವರಿಗೆ ಅಂತ ಬಿಟ್ಟಿರೋ ಕಾಡು, ತಗೊಂಡಿದೀನಿ. ನಮ್ಮೂರ ದೇವರಕಾಡಿನ ಹಬ್ಬಕ್ಕೆ ಚಿಕ್ಕಂದಿನಿಂದ ಹೋಗ್ತಾ ಇದೀನಿ ಆದ್ರೆ ಬರೀ ಕಂಡಿದ್ದು ಕೇಳಿದ್ದು ಬರೆದ್ರೆ ಆಗಲ್ಲ, ಹಿಂದೆ ಯಾರ್ಯಾರು ಏನೇನು ಬರ್ದಿದಾರೆ ಅದನ್ನೂ ನೋಡ್ಬೇಕು ಅಂತ ಗೈಡ್ ಹೇಳಿದ್ರು. ಗೂಗಲಲ್ಲಿ ಸಿಕ್ಕಿದ ಲೇಖನಕ್ಕೆಲ್ಲ ದುಡ್ಡು ಕೇಳುತ್ತೆ, ಒಂದೊಂದಕ್ಕೆ ಎರಡು ಮೂರು ಸಾವಿರ. ಅಮೆರಿಕದಲ್ಲಿರೋ ನಮ್ಮ ಚಿಕ್ಕಮ್ಮನ ಮಗಳು ಅವಳೂರಿನ ಲೈಬ್ರರಿ ಕಾರ್ಡ್ ನಂಬರ್ ಹಾಕಿ ಮನೇಲಿ ಕೂತೇ ಇಂಥದ್ದೆಲ್ಲ ಓದ್ತಾಳಂತೆ. ನನ್ಹತ್ರನೂ ನಮ್ಮ ಸರ್ಕಾರಿ ಲೈಬ್ರರಿ ಕಾರ್ಡ್ ಇದೆ, ಇದ್ರಿಂದ ಹಂಗೇನಾದ್ರೂ ಆಗುತ್ತಾ? ಇನ್ನೊಂದು ಕಷ್ಟ, ಮಳೆ ಜೋರಾದ್ರೆ ನಮ್ಮಲ್ಲಿ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ.

ಹಳೇ_ಗ್ರಂಥಪಾಲಕ
ತಂಗಿ, ನಾನು ಲೈಬ್ರರಿ ಕೆಲಸದಲ್ಲೇ ಇದ್ದು ರಿಟೈರ್ ಆದವನು. ನೇರವಾಗಿ ಹೇಳ್ತೀನಿ, ಅಮೆರಿಕದಲ್ಲಿ ಲೈಬ್ರರಿಯವ್ರೇ ದುಡ್ಡು ಕಟ್ಟಿ ಡೇಟಾಬೇಸ್ ತಗೊಂಡು ಕಾರ್ಡ್ ಇರೋರಿಗೆ ಬಿಡ್ತಾರೆ, ನಮ್ಮ ಕಾರ್ಡಿಗೆ ಆ ಸೌಲಭ್ಯ ಇಲ್ಲ. 2025ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ, ಜರ್ನಲ್‌ಗಳಿಗೆ ಸರ್ಕಾರವೇ ಚಂದಾ ಕಟ್ಟೋ ಒಂದು ದೇಶ ಒಂದು ಚಂದಾ ಯೋಜನೇನೂ ಸರ್ಕಾರಿ ಕಾಲೇಜು, ವಿವಿ, ಸಂಶೋಧನಾ ಸಂಸ್ಥೆಗಳಿಗೆ ಮಾತ್ರ, ನಿನ್ನ ಕಾಲೇಜು ಅದ್ರಲ್ಲಿ ಸೇರಿದ್ಯಾ ಅಂತ ಅಲ್ಲಿನ ಲೈಬ್ರರಿಯಲ್ಲಿ ಮೊದ್ಲು ಕೇಳು, ಸೇರಿದ್ರೆ ನಿನ್ನ ಅರ್ಧ ಕಷ್ಟ ಅಲ್ಲೇ ಮುಗೀತು.

ಹಂಗಂತ ಕೈ ಬಿಡ್ಬೇಡ. ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಿಂದ ಇದೆ, ಮೊಬೈಲ್ ಆ್ಯಪೂ ಇದೆ, ಸದಸ್ಯತ್ವ ಫ್ರೀ. ಸ್ಪರ್ಧಾತ್ಮಕ ಪರೀಕ್ಷೆ, ಶಾಲೆ ಪಾಠಕ್ಕೆ ಚೆನ್ನಾಗಿದೆ, ನಿನ್ನ ಪ್ರಾಜೆಕ್ಟಿಗೆ ಅಷ್ಟು ಸಿಗಲ್ಲ. ನಿಂಗೆ ಬೇಕಾಗಿರೋದು ಖರಗ್‌ಪುರ ಐಐಟಿಯವ್ರು ನಡೆಸೋ ನ್ಯಾಷನಲ್ ಡಿಜಿಟಲ್ ಲೈಬ್ರರಿ, ಭಾಷೆ ಕನ್ನಡ ಅಂತ ಆರಿಸ್ಕೊಂಡು ಹುಡುಕ್ಬೋದು. ಅಲ್ಲೂ ಕೆಲವು ಚಂದಾ ಇದ್ದೋರಿಗೆ ಮಾತ್ರ ತೆರೆಯುತ್ತೆ, ಅದನ್ನ ಬಿಟ್ಟು ಮುಂದಕ್ಕೆ ಹೋಗು.

ಮತ್ತೆ ಲೈಬ್ರರಿಗೆ ಹೋಗಿ ಕೇಳೋಕೆ ಸಂಕೋಚ ಬೇಡಮ್ಮಾ. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ಮನೆ ತೆರಿಗೆ ಜೊತೆ ನಾವೆಲ್ಲ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಕಟ್ತೀವಿ, ರಶೀದಿ ತೆಗ್ದು ನೋಡು. ಅದು ನಿಮ್ಮನೆ ದುಡ್ಡಲ್ಲೇ ನಡೆಯೋ ಜಾಗ.

ಶೋಧಗಂಗೆ_ಪ್ರಿಯ
ನಾನು ಪಿಎಚ್‌ಡಿ ಮಾಡ್ತಿದೀನಿ, ನನ್ನ ಅನುಭವದಲ್ಲಿ ಮೊದ್ಲು ನೋಡ್ಬೇಕಾದ್ದು ಶೋಧಗಂಗಾ. ವಿವಿ ಲೈಬ್ರರಿಗಳನ್ನ ಜೋಡಿಸೋ ಗುಜರಾತಿನ ಗಾಂಧಿನಗರದ ಸಂಸ್ಥೆ ಇನ್‌ಫ್ಲಿಬ್‌ನೆಟ್‌ನವ್ರದ್ದು, ದೇಶದ ವಿವಿಗಳ ಪಿಎಚ್‌ಡಿ ಥೀಸಿಸ್ ಪೂರ್ತಿ ಸಿಗುತ್ತೆ, ಮೈಸೂರು, ಮಂಗಳೂರು, ಹಂಪಿ ಕನ್ನಡ ವಿವಿದೂ ಇವೆ, ಲಾಗಿನ್ ಕೂಡ ಬೇಡ. ಅಧ್ಯಾಯ ಅಧ್ಯಾಯಕ್ಕೆ ಬೇರೆ ಬೇರೆ ಪಿಡಿಎಫ್ ಇರುತ್ತೆ, ಹಂಗಾಗಿ ನೆಟ್‌ವರ್ಕ್ ಕಮ್ಮಿ ಇದ್ರೆ ಪೂರ್ತಿ ಇಳಿಸ್ಕೊಳ್ಳೋಕೆ ಹೋಗ್ಬೇಡಿ, ಮೊದ್ಲು ಕೊನೇಲಿರೋ ಗ್ರಂಥಋಣದ (ಅವ್ರು ಬಳಸಿದ ಪುಸ್ತಕ, ಲೇಖನಗಳ ಪಟ್ಟಿ) ಫೈಲ್ ಒಂದೇ ಇಳಿಸಿ. ಒಬ್ರು ಐದಾರು ವರ್ಷ ಕೂತು ಹುಡುಕಿರೋ ಪಟ್ಟಿ ಅದು, ನಿಮ್ಗೆ ಏನು ಓದ್ಬೇಕು ಅನ್ನೋದು ಅಲ್ಲೇ ಗೊತ್ತಾಗುತ್ತೆ.

ದುಡ್ಡು ಕೇಳೋ ಲೇಖನದ ವಿಷ್ಯ: ಜೆಸ್ಟೋರ್ ಅನ್ನೋ ಜರ್ನಲ್ ಸೈಟಲ್ಲಿ ಬರೀ ಇಮೇಲ್ ಕೊಟ್ಟು ಅಕೌಂಟ್ ಮಾಡಿದ್ರೆ ತಿಂಗಳಿಗೆ 100 ಲೇಖನ ಆನ್‌ಲೈನಲ್ಲಿ ಓದ್ಬೋದು, ಇಳಿಸ್ಕೊಳ್ಳೋಕೆ ಆಗಲ್ಲ, ನೋಟ್ಸ್ ಮಾಡ್ಕೋಬೇಕು. ಬೆಂಗಳೂರಿಂದ ಬರೋ ಕರೆಂಟ್ ಸೈನ್ಸ್ ಪತ್ರಿಕೆಯ ಹಳೇ ಸಂಚಿಕೆ ಎಲ್ಲ ಫ್ರೀ. ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್ 1996ರಲ್ಲಿ ಕೊಡಗಿನ ದೇವರಕಾಡಿನ ಸಾಮಾಜಿಕ ಇತಿಹಾಸದ ಮೇಲೇ ಒಂದು ಅಧ್ಯಯನ ಪ್ರಕಟಿಸಿದೆ, ಅದನ್ನಂತೂ ಬಿಡ್ಲೇಬೇಡಿ.

ಚೆಟ್ಟಳ್ಳಿ_ತೋಟ
ಪೊನ್ನಂಪೇಟೆ ಅರಣ್ಯ ಕಾಲೇಜಿನವ್ರು ದೇವರಕಾಡಿನ ಮೇಲೆ ತುಂಬ ವರ್ಷದಿಂದ ಕೆಲಸ ಮಾಡಿದಾರಲ್ವಾ, ಅದಕ್ಕೆ ಕೃಷಿಕೋಶ ನೋಡಿ, ಕೃಷಿ ವಿವಿಗಳ ಥೀಸಿಸ್ ಅಲ್ಲಿರುತ್ತೆ. ನಾನು ಮೆಣಸಿನ ಬಳ್ಳಿ ಸೊರಗು ರೋಗಕ್ಕೆ ಅಂತ ಹುಡುಕ್ತಾ ಹೋಗಿ ಅದು ಸಿಕ್ಕಿದ್ದು, ಈಗ ತೋಟದ ಏನೇ ಸಮಸ್ಯೆ ಬಂದ್ರೂ ಮೊದ್ಲು ಅಲ್ಲೇ ನೋಡೋದು.

ನೆಟ್‌ವರ್ಕ್ ವಿಷ್ಯಕ್ಕೆ ನಾವು ಮನೇಲಿ ಮಾಡೋದು ಹೇಳ್ತೀನಿ. ಜೂನ್ ಬರೋಕೆ ಮುಂಚೆ ಬೇಕಾದ್ದೆಲ್ಲ ಇಳಿಸಿ ಫೋನಲ್ಲೊಂದು ಪೆನ್‌ಡ್ರೈವಲ್ಲೊಂದು ಇಟ್ಕೊಳ್ಳೋದು, ಯಾಕಂದ್ರೆ ಮರ ಬಿದ್ದು ಲೈನ್ ಹೋದ್ರೆ ಮೂರು ದಿನಕ್ಕೆ ಬರುತ್ತೋ ಐದು ದಿನಕ್ಕೆ ಬರುತ್ತೋ ಹೇಳೋಕಾಗಲ್ಲ. ಫೈಲಿಗೆ ಬರೆದವ್ರ ಹೆಸ್ರು, ವರ್ಷ ಹಾಕಿ ಇಡಿ, ಇಲ್ಲಾಂದ್ರೆ ಆಮೇಲೆ ಯಾವುದು ಯಾವುದು ಅಂತಾನೇ ಗೊತ್ತಾಗಲ್ಲ. ಪಂಚಾಯ್ತಿ ಅರಿವು ಕೇಂದ್ರದಲ್ಲಿ, ಅಂದ್ರೆ ಪಂಚಾಯ್ತಿ ಲೈಬ್ರರೀಲಿ, ಕಂಪ್ಯೂಟರ್ ಇದ್ಯಾ ಕೇಳಿ, ಇದ್ರೆ ದೊಡ್ಡ ಫೈಲ್ ಅಲ್ಲೇ ಇಳಿಸ್ಬೋದು.

ನಾಪೋಕ್ಲು_ಓದುಗಿ
ತುಂಬಾ ಥ್ಯಾಂಕ್ಸ್ ಎಲ್ರಿಗೂ, ಗ್ರಂಥಋಣದ ಉಪಾಯ ನಿನ್ನೆ ರಾತ್ರೀನೇ ಮಾಡಿದೆ, ಒಂದೇ ಥೀಸಿಸ್ಸಿಂದ ಓದೋಕೆ ಹದಿನಾಲ್ಕು ಸಿಕ್ತು! ಆದ್ರೆ ಬ್ರಿಟಿಷ್ ಕಾಲದ ಪುಸ್ತಕ, ಹಳೇ ಪುಸ್ತಕ ಸ್ಕ್ಯಾನ್ ಮಾಡಿ ಫ್ರೀಯಾಗಿ ಇಟ್ಟಿರೋ ಇಂಟರ್ನೆಟ್ ಆರ್ಕೈವ್ ಸೈಟಲ್ಲಿ ಇದೆ ಅಂತ ಹೇಳ್ತಾರೆ, ನಾಪೋಕ್ಲು ಅಂತ ಹಾಕಿದ್ರೆ ಬೇಕಾದ್ದು ಬರ್ತಾನೇ ಇಲ್ಲ. ಕೊಡಗು ಅಂತ ಹಾಕಿದ್ರೂ ಅಷ್ಟೇ.

ಹಳೇ_ಗ್ರಂಥಪಾಲಕ
ತಂಗಿ, ಬ್ರಿಟಿಷರು ಕರೀತಿದ್ದ ಹೆಸ್ರಲ್ಲೇ ಹುಡುಕ್ಬೇಕು. ಕೊಡಗಿಗೆ ಕೂರ್ಗ್ ಗೊತ್ತೇ ಇದೆ. ಮಡಿಕೇರಿಗೆ ಮರ್ಕೆರಾ, ಕುಶಾಲನಗರಕ್ಕೆ ಫ್ರೇಜರ್‌ಪೇಟ್, ವಿರಾಜಪೇಟೆಗೆ ಕೆಲವು ಕಡೆ ಪೂರ್ತಿ ವೀರರಾಜೇಂದ್ರಪೇಟೆ ಅಂತ ಇರುತ್ತೆ. ನಿಮ್ಮ ನಾಪೋಕ್ಲು ಆಗ ಪಡಿನಾಲ್ಕುನಾಡು ತಾಲೂಕಿನ ಕೇಂದ್ರ, ಅದಕ್ಕೆ ಊರ ಹೆಸರಿಗಿಂತ ಪಡಿನಾಲ್ಕುನಾಡು ಅಂತ ಇಂಗ್ಲಿಷಲ್ಲಿ ಹಾಕಿದ್ರೆ ಜಾಸ್ತಿ ಸಿಗುತ್ತೆ, ವಿರಾಜಪೇಟೆ ಕಡೆಗೆ ಎಡೆನಾಲ್ಕುನಾಡು. ದೇವರಕಾಡು ಅನ್ನೋದನ್ನೂ ಒಂದ್ಸಲ ಸೇರಿಸಿ ಒಂದ್ಸಲ ಬಿಡಿಸಿ ಬರ್ದು ನೋಡು.

ರಿಕ್ಟರ್ ಬರೆದ ಕೊಡಗಿನ ಕೈಪಿಡಿ 1870ರದ್ದು, ರೈಸ್ ಗೆಜೆಟಿಯರಲ್ಲಿ ಕೊಡಗಿನ ಸಂಪುಟ 1878ರದ್ದು, ಎರಡೂ ಆರ್ಕೈವಲ್ಲಿ ಪೂರ್ತಿ ಇವೆ, ಇಂಗ್ಲಿಷ್ ಸ್ಕ್ಯಾನ್ ಆದ್ರಿಂದ ಪುಸ್ತಕದ ಒಳಗೂ ಪದ ಹಾಕಿ ಹುಡುಕ್ಬೋದು. ಕನ್ನಡದ ಹಳೇ ಸ್ಕ್ಯಾನಲ್ಲಿ ಆ ಸೌಲಭ್ಯ ಅಷ್ಟಾಗಿ ಕೆಲಸ ಮಾಡಲ್ಲ, ಪುಸ್ತಕದ ಹೆಸ್ರನ್ನೂ ಇಂಗ್ಲಿಷ್ ಅಕ್ಷರದಲ್ಲಿ ತಪ್ಪು ತಪ್ಪಾಗಿ ಹಾಕಿರ್ತಾರೆ, ತಾಳ್ಮೆಯಿಂದ ಎರಡು ಮೂರು ಥರ ಬರ್ದು ನೋಡ್ಬೇಕು. ಸರ್ವೆಂಟ್ಸ್ ಆಫ್ ನಾಲೆಡ್ಜ್ ಅನ್ನೋ ಸಂಗ್ರಹದಲ್ಲಿ ಕನ್ನಡದ್ದು ಸಾಕಷ್ಟಿದೆ.

ಶೋಧಗಂಗೆ_ಪ್ರಿಯ
ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಆ ಕಾಲದ ಸಾಹೇಬ್ರು ಬರೆದಿದ್ದನ್ನ ಹಾಗೇ ನಂಬ್ಬೇಡಿ, ಅವ್ರಿಗೆ ಕಾಡು ಅಂದ್ರೆ ಮರ ಮತ್ತೆ ಕಂದಾಯ. ತಕ್ಕರು, ಅಂದ್ರೆ ಹಬ್ಬ ನಡೆಸೋ ಊರ ಮುಖ್ಯಸ್ಥರು, ಏನು ಮಾಡ್ತಾರೆ, ಹಬ್ಬಕ್ಕೆ ಮುಂಚಿನ ಕಟ್ಟು ಎಷ್ಟು ದಿನ, ಆಗ ಏನೇನು ಮಾಡ್ಬಾರ್ದು ಇದೆಲ್ಲ ನಿಮ್ಮೂರ ಹಿರಿಯರನ್ನ ಕೇಳಿ ಫೋನಲ್ಲಿ ರೆಕಾರ್ಡ್ ಮಾಡಿ, ಅವ್ರ ಒಪ್ಪಿಗೆ ತಗೊಂಡು.

ನಾಪೋಕ್ಲು_ಓದುಗಿ
ಪಡಿನಾಲ್ಕುನಾಡು ಅಂತ ಹಾಕಿದೆ ಸರ್, ಬಂತು!! ನಮ್ಮ ಪಕ್ಕದೂರಿನ ಹೆಸ್ರೂ ಇದೆ, ಸ್ಪೆಲಿಂಗ್ ಏನೇನೋ ಆಗಿದೆ ಆದ್ರೆ ಓದಿದ್ರೆ ಗೊತ್ತಾಗುತ್ತೆ. ಅಜ್ಜನಿಗೆ ಓದಿ ಹೇಳಿದೆ, ಅವ್ರು ಕೇಳಿ ಆ ಹೊಳೆ ಆಗ ಈ ಕಡೆ ಹರೀತಿತ್ತು ಅಂತ ಶುರು ಮಾಡಿದ್ರು, ಒಂದು ಗಂಟೆ ರೆಕಾರ್ಡ್ ಆಗಿದೆ. ನಾಳೆ ಮಡಿಕೇರಿ ಲೈಬ್ರರಿಗೆ ಹೋಗ್ತೀನಿ, ಪೆನ್‌ಡ್ರೈವ್ ತಗೊಂಡು.