ಸಹಾಯ ಬೇಕು: 1915ರ ಜರ್ಮನ್ ಸೈನಿಕನ ಫೋಟೋ, ಯಾವ ರೆಜಿಮೆಂಟ್?

ನಮಸ್ಕಾರ. ನಾನಿರುವುದು ಮ್ಯೂನಿಕ್‌ನಲ್ಲಿ. ಪಕ್ಕದ ಮನೆಯ ಅಜ್ಜಿ ತಮ್ಮ ತಾತನ ಫೋಟೋ ಕೊಟ್ಟು, ಇವರು ಯಾವ ರೆಜಿಮೆಂಟ್‌ನಲ್ಲಿದ್ದರು ಅಂತ ಕೇಳಿದ್ದಾರೆ. ಹಿಂಬದಿಯಲ್ಲಿ 1915 ಎಂದಷ್ಟೇ ಇದೆ.

ಬೆಲ್ಟಿನ ಬಕಲ್ ಮೇಲೆ 'ಇನ್ ಟ್ರೊಯೆ ಫೆಸ್ಟ್' (ನಿಷ್ಠೆಯಲ್ಲಿ ದೃಢ) ಎಂದಿದೆ. ಹಾಗಾಗಿ ಇದು ಬವೇರಿಯಾ ಸೈನ್ಯ (ಆಗ ಜರ್ಮನಿಯೊಳಗಿನ ಬವೇರಿಯಾ, ಪ್ರಷ್ಯಾ ರಾಜ್ಯಗಳಿಗೆ ಬೇರೆ ಬೇರೆ ಸೈನ್ಯಗಳಿದ್ದವು). ಪ್ರಷ್ಯಾದ್ದಾಗಿದ್ದರೆ 'ಗಾಟ್ ಮಿಟ್ ಉನ್ಸ್' (ದೇವರು ನಮ್ಮೊಂದಿಗೆ) ಇರುತ್ತಿತ್ತು. ಮೊನೆಯಿರುವ ಹೆಲ್ಮೆಟ್‌ನ ಬಟ್ಟೆ ಕವರ್ ಮೇಲೆ 'ಆರ್' ಅಕ್ಷರ ಕಾಣುತ್ತದೆ, ಅಂದರೆ ರಿಸರ್ವ್ (ಮೀಸಲು ಪಡೆ). ಅದರ ಕೆಳಗಿನ ರೆಜಿಮೆಂಟ್ ಅಂಕಿಯೇ ತೊಂದರೆ. 1 ಅಂತಲೂ ಓದಬಹುದು, 7 ಅಂತಲೂ ಓದಬಹುದು. ಜರ್ಮನ್ನರ 1ಕ್ಕೆ ಉದ್ದ ಮೂಗು ಇರುತ್ತೆ ಅಲ್ವಾ! ಭುಜಪಟ್ಟಿ ನೆರಳಿನಲ್ಲಿದೆ, ಅಲ್ಲಿಯ ಅಂಕಿಯೂ ಕಾಣುತ್ತಿಲ್ಲ.

ಪ್ರಷ್ಯಾ ಸೈನ್ಯದ ಹೆಚ್ಚಿನ ದಾಖಲೆಗಳು 1945ರಲ್ಲಿ ಪಾಟ್ಸ್‌ಡ್ಯಾಮ್‌ನಲ್ಲಿ ಸುಟ್ಟುಹೋದವು. ಬವೇರಿಯಾದವು ಇಲ್ಲೇ ಮ್ಯೂನಿಕ್‌ನಲ್ಲಿ ಉಳಿದಿವೆ. ರೆಜಿಮೆಂಟ್ ಗೊತ್ತಾದರೆ ಅವರ ಹೆಸರು ಹುಡುಕುವುದು ಸುಲಭ.

ಅಂಕಿ ಓದಬಲ್ಲವರು ದಯವಿಟ್ಟು ತಿಳಿಸಿ. ಫೋಟೋ ದೊಡ್ಡದಾಗಿ ಸ್ಕ್ಯಾನ್ ಮಾಡಿ ಕಳಿಸುತ್ತೇನೆ. ಅಜ್ಜಿ ದಿನಾ ಕೇಳ್ತಿದ್ದಾರೆ.