ಸಹಾಯ ಬೇಕು: ಸೊಂಟದ ಬಟ್ಟಲು ಮುರಿದಿದೆ, ಪ್ಲೇಟೋ ಹೊಸ ಕೀಲೋ?

ಅಣ್ಣನಿಗೆ 61 ವರ್ಷ. 11 ದಿನದ ಹಿಂದೆ ಬೈಕಿನಿಂದ ಬಿದ್ದು ಸೊಂಟದ ಕೀಲು ಜಾರಿತು, ತೊಡೆಮೂಳೆಯ ಗುಂಡು ತಲೆ ಕೂರುವ ಬಟ್ಟಲಿನ ಹಿಂಭಾಗ ಚೂರಾಗಿದೆ. ಕೀಲನ್ನು ಅವತ್ತೇ ಕೂರಿಸಿದರು. ಈಗ ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದಾರೆ. ಮಗ್ಗುಲಾಗೋಕೂ ಆಗಲ್ಲ, ಸುಮ್ನೆ ಫ್ಯಾನ್ ನೋಡ್ತಾ ಇರ್ತಾನೆ.

ಇಬ್ಬರು ಡಾಕ್ಟರನ್ನು ಕೇಳಿದೆವು. ಒಬ್ಬರು, ಪ್ಲೇಟ್ ಹಾಕಿ ಚೂರುಗಳನ್ನು 1 ಮಿಲಿಮೀಟರ್ ಒಳಗೆ ಕೂಡಿಸಿದರೆ ಸ್ವಂತ ಕೀಲೇ ಉಳಿಯಬಹುದು ಅಂದರು. ಇನ್ನೊಬ್ಬರು ಸಿಟಿ ಸ್ಕ್ಯಾನ್ ತೋರಿಸಿ, ತೊಡೆಮೂಳೆಯ ತಲೆಯೂ ತಗ್ಗಾಗಿದೆ, ವಯಸ್ಸೂ ಆಗಿದೆ, ಮುಂದೆ ಸವೆತ ಬರೋ ಸಾಧ್ಯತೆ ಜಾಸ್ತಿ, ಈಗಲೇ ಕೀಲು ಬದಲಿಸಿ ಅಂದರು. 3 ವಾರ ದಾಟಿಸಬೇಡಿ ಅಂತ ಮಾತ್ರ ಇಬ್ಬರೂ ಹೇಳಿದರು.

60 ದಾಟಿದವರಲ್ಲಿ, ತೊಡೆಮೂಳೆಯ ತಲೆಗೂ ಪೆಟ್ಟಾಗಿದ್ದಾಗ ಬರೀ ಪ್ಲೇಟ್ ಹಾಕಿಸಿಕೊಂಡವರು ಯಾರಾದರೂ ಇದ್ದೀರಾ? ಆಮೇಲೆ ಕೀಲು ಬದಲಿಸಬೇಕಾಯಿತಾ, ಎಷ್ಟು ದಿನಕ್ಕೆ?